ಸಿದ್ದರಾಮುವಿನ ಪಟಕ್ಕೆ ಬಿದ್ದ ಹಾರ

ಸಿದ್ದರಾಮು ತೀರಿಕೊಂಡ ಸುದ್ದಿ ದೊಡ್ಡಮಳೂರಿಗೆ ಮುಟ್ಟಿದ ಬೆಳಿಗ್ಗೆ, ಸಿದ್ದರಾಮು ತನ್ನ ಹಿತ್ತಿಲಲ್ಲಿ ಕುಳಿತು ತಬ್ಬಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಬೇಲಿಯಾಚೆ ನೆರೆಮನೆಯ ದೇವರಾಜು ಮೊಬೈಲು ಹಿಡಿದು ನಿಂತು, ಒಮ್ಮೆ ಅದನ್ನೂ ಒಮ್ಮೆ ಇವನನ್ನೂ ನೋಡುತ್ತಿದ್ದ.

"ಸಿದ್ದರಾಮಣ್ಣ, ಇಲ್ಲೇ ಇದ್ದೀಯಲ್ಲ."

"ಇನ್ನೆಲ್ಲಿರ್ಲಿ ಕಣ್ಲಾ?"

"ಅಲ್ಲ, ನಾನು ಈ ವಿಡಿಯೋ ಕೆಳಗೂ ಊರಿನ ಗ್ರೂಪಿಗೂ ಓಂ ಶಾಂತಿ ಅಂತ ಹಾಕ್ಬುಟ್ಟೆ. ನನ್ನ ನೋಡ್ಕಂಡು ಎಲ್ರೂ ಹಾಕವ್ರೆ."

ದೇವರಾಜು ತೋರಿಸಿದ ವಿಡಿಯೋದಲ್ಲಿ ಸದ್ದಿರಲಿಲ್ಲ. ವೇದಿಕೆಯ ಮೇಲೆ ಸಿದ್ದರಾಮುವಿನ ದೊಡ್ಡ ಪಟ. ಪಟಕ್ಕೆ ಗಂಧದ ಹಾರ. ಮುಂದೆ ದೀಪ. ರೇಷ್ಮೆ ಸೀರೆಯ ಹೆಂಗಸರೂ ಕೋಟು ತೊಟ್ಟ ಗಂಡಸರೂ ಕಣ್ಣು ಮುಚ್ಚಿ ನಿಂತಿದ್ದರು.

ಅದು ನ್ಯೂಜಿಲೆಂಡಿನ ದೂರತೀರ ಕನ್ನಡ ಬಳಗ. ಅಲ್ಲಿನ ಮಕ್ಕಳಿಗೆ ಕನ್ನಡ ಮರೆಯಬಾರದೆಂದು ಬಳಗದವರು ಭಾನುವಾರಕ್ಕೊಮ್ಮೆ ಸಿದ್ದರಾಮುವಿನಿಂದ ಕೋಲಾಟದ ಪದ ಹೇಳಿಕೊಡಿಸುತ್ತಿದ್ದರು. ಅವನು ಮೊಬೈಲನ್ನು ರಾಗಿ ಡಬ್ಬಕ್ಕೆ ಒರಗಿಸಿ ಹಾಡುವನು. ಸಮುದ್ರದಾಚೆ ಮಕ್ಕಳು ಕೋಲು ಬಡಿಯುವವು. ಹೋದ ತಿಂಗಳ ವಾರ್ಷಿಕೋತ್ಸವಕ್ಕೆ ಗುರುಗಳು ಬರಲಾಗದಿದ್ದುದರಿಂದ ಅವರ ಪಟವಿಟ್ಟು, ಹಾರ ಹಾಕಿ, ಪ್ರಾರ್ಥನೆ ಹಾಡಿಸಿ ಗೌರವಿಸಿದ್ದರು. ಆ ವಿಡಿಯೋ ಊರು ಮುಟ್ಟಿದ್ದು ಇಂದು. ಬದುಕಿರುವವನಿಗಾದರೆ ಕೊರಳಿಗೆ ಹಾರ, ಪಟಕ್ಕೆ ಹಾಕುವುದು ಹೋದವರಿಗೆ ಎಂಬ ಪಾಠವನ್ನು ಮಾತ್ರ ಅವರಿಗೆ ಯಾರೂ ಮಾಡಿರಲಿಲ್ಲ.

"ತೆಗೆದಾಕ್ಲಾ ಅದ್ನ."

"ತೆಗೆದ್ರೆ ಏನೋ ಮುಚ್ಚಿಡ್ತಾವ್ನೆ ಅಂತಾರೆ." ದೇವರಾಜು ದನಿ ತಗ್ಗಿಸಿದ. "ನಿಂಗೆ ನಿಜವಾಗ್ಲೂ ಏನೂ ಆಗಿಲ್ವಾ? ಓದಿದೋರು ಸುಮ್ಸುಮ್ನೆ ಹಾರ ಹಾಕ್ತಾರಾ?"

ಸಿದ್ದರಾಮು ಉತ್ತರ ಹೇಳುವಷ್ಟರಲ್ಲಿ ಕೂಟಗಲ್ಲಿನಿಂದ ತಂಗಿ ಅಂಬಮ್ಮನ ಫೋನು ಬಂತು. ಅಂದು ಅವಳ ಮಗಳು ಮಾನ್ಯಳ ಮದುವೆ ಗೊತ್ತುಮಾಡುವ ವೀಳ್ಯದ ಶಾಸ್ತ್ರ. ತಂದೆಯಿಲ್ಲದ ಹುಡುಗಿ, ವೀಳ್ಯದ ತಟ್ಟೆ ಎತ್ತಬೇಕಾದವನು ಸೋದರಮಾವನೇ.

"ಅಣ್ಣಾ, ಜಲ್ದಿ ಬಾ. ಕೋಡಿಹಳ್ಳಿ ಬೀಗರು ಬಂದವ್ರೆ. ಅವ್ರ ಮೊಬೈಲಿಗೂ ನಿನ್ ಪಟ ಹೋಗೈತೆ. ತಟ್ಟೆ ಮುಟ್ಟಕಿಲ್ಲ ಅಂತ ಕೂತವ್ರೆ."

ಮರುದಿನ ಆಷಾಢ ಹಿಡಿಯುತ್ತಿತ್ತು. ಇಂದು ತಟ್ಟೆ ಬದಲಾಗದಿದ್ದರೆ ಸಂಬಂಧವೇ ತಪ್ಪುವುದು ಖಂಡಿತ. ಮಾನ್ಯಳಿಗೋ ಹುಡುಗನ ಮೇಲೆ ಮನಸ್ಸಾಗಿತ್ತು. ಸಿದ್ದರಾಮು ಕುರಿಮರಿಯನ್ನು ದೇವರಾಜುವಿನ ಕೈಗಿತ್ತು ಬಸ್ಸಿಗೆ ಓಡಿದ.

ಬಸ್ಸಿನಲ್ಲಿ ಊರಿನ ಬೋರಮ್ಮ ಪಕ್ಕದವಳಿಗೆ ಅವನ ಸಾವಿನ ವಿವರ ಹೇಳುತ್ತಿದ್ದಳು. ಅವನೇ ಹತ್ತಿದ್ದನ್ನು ಕಂಡು ಸೆರಗನ್ನು ಬಾಯಿಗಿಟ್ಟುಕೊಂಡು ಮೊದಲು ಅವನ ಪಾದ ನೋಡಿದಳು. ಬೆರಳುಗಳು ಮುಂದಕ್ಕೇ ಇದ್ದವು. ಆದರೂ ಅವಳು ಕಿಟಕಿಯ ಸೀಟು ಬಿಟ್ಟು ಡ್ರೈವರನ ಬೆನ್ನ ಹಿಂದೆ ಹೋಗಿ ಕುಳಿತಳು.

ಕೂಟಗಲ್ಲಿನಲ್ಲಿ ಚಾಪೆಯ ನಡುವೆ ಹುಡುಗನ ತಾತ ಬಸವಯ್ಯ ಕುಳಿತಿದ್ದರು. ಸಂತೆಯಲ್ಲಿ ಬಾಯಿ ಅಗಲಿಸಿ ಹಲ್ಲು ನೋಡದೆ ಕುರಿಗೆ ಬೆಲೆ ಹೇಳಿದವರಲ್ಲ. ಅಲ್ಲಿಯವರೆಗೆ ಮಾತುಕತೆಯೆಲ್ಲ ಫೋನಿನಲ್ಲೇ ನಡೆದಿದ್ದರಿಂದ ಅವರು ಸಿದ್ದರಾಮುವನ್ನು ಕಂಡಿರಲಿಲ್ಲ. ಈಗ ಅದೇ ಸಂತೆಯ ಕಣ್ಣಿನಿಂದ ನೋಡಿದರು.

"ಪಟದಾಗೆ ತಲೆ ತುಂಬ ಕೂದ್ಲೈತೆ. ಮೀಸೆ ಐತೆ."

"ಹೋದ ಸೋಮವಾರ ಮಾದಪ್ಪನ ಬೆಟ್ಟದಾಗೆ ಮುಡಿ ಕೊಟ್ಟೆ. ಮಗೀಗೆ ಒಳ್ಳೆ ಸಂಬಂಧ ಬರ್ಲಿ ಅಂತ ಹರಕೆ ಇತ್ತು."

"ಮೀಸೇನೂ ಹರಕೆಲಿತ್ತಾ?"

"ಇಲ್ಲ, ಕ್ಷೌರದೋನು ಕೇಳ್ದೆ ತೆಗೆದ್ಬುಟ್ಟ."

"ನಮ್ ಕಡೆ ಮೀಸೆ ಸಮೇತ ಬೋಳ್ಸೋದು ಒಂದೇ ಕಾರ್ಯಕ್ಕೆ," ಎಂದು ಬಸವಯ್ಯ ಎಲೆಗೆ ಸುಣ್ಣ ಸವರಿದರು.

ಸಿದ್ದರಾಮು ಆಧಾರ್ ಕಾರ್ಡು ಕೊಟ್ಟ. ಬಸವಯ್ಯ ಅದನ್ನು ಬೆಳಕಿಗೆ ಹಿಡಿದರು. "ಇದ್ರಾಗಿರೋ ಮುಖ ನಂದು ಅಂದ್ರೂ ನಂಬಬೋದು. ಅಣ್ಣನ ಕಾರ್ಡು ತಮ್ಮನ ಜೇಬಲ್ಲಿರೋದೇನು ಹೆಚ್ಚಲ್ಲ ಬುಡಿ."

ಅಂಬಮ್ಮ ಆಣೆಯಿಟ್ಟಳು. ಹೆಣ್ಣಿನ ತಾಯಿ ಇನ್ನೇನು ಹೇಳಿಯಾಳು ಎಂದರು ಬೀಗರು. ಪಕ್ಕದ ಮನೆಯವರನ್ನು ಕರೆಸಿ ಕೇಳಿದರೆ, ಅವರೂ ಬೆಳಿಗ್ಗೆಯೇ ವಿಡಿಯೋ ನೋಡಿದ್ದವರು, "ಇವ್ರಂಗೇ ಇದ್ರು ಪುಣ್ಯಾತ್ಮರು, ಆದ್ರೆ ಕೂದ್ಲಿತ್ತು," ಎಂದು ಕಣ್ಣೊರೆಸಿಕೊಂಡರು.

"ಸಾವು ಯಾರ ಮನೇಲಿಲ್ಲ?" ಎಂದರು ಬಸವಯ್ಯ. "ಆದ್ರೆ ಸಾವು ಮುಚ್ಚಿಟ್ಟು ವೀಳ್ಯ ಎತ್ತೋ ಮನೆ ಸಂಬಂಧ ನಮಗೆ ಬ್ಯಾಡ. ಇಲ್ಲ, ಹಾರ ಹಾಕ್ದೋರೇ ಬಾಯ್ಬುಟ್ಟು ಹೇಳ್ಲಿ."

ಸಿದ್ದರಾಮುವಿಗೆ ಜೀವ ಬಂದಂತಾಯಿತು. ಎಲ್ಲರ ಎದುರಿಗೇ ನ್ಯೂಜಿಲೆಂಡಿಗೆ ವಿಡಿಯೋ ಕಾಲ್ ಮಾಡಿದ. ಬಳಗದ ಕಾರ್ಯದರ್ಶಿ ಪ್ರತಿಮಾ ತೆರೆಯ ಮೇಲೆ ಕಂಡಳು. ಬಿಳಿ ಸೀರೆ ಉಟ್ಟಿದ್ದಳು. ಹಿಂದೆ ಅದೇ ಪಟ, ಅದೇ ಹಾರ. ಕುರ್ಚಿಗಳಲ್ಲಿ ಜನ ತಲೆ ತಗ್ಗಿಸಿ ಕುಳಿತಿದ್ದರು. ಆ ವಿಡಿಯೋದ ಕೆಳಗೆ ದೊಡ್ಡಮಳೂರಿನವರು ಸಾಲುಗಟ್ಟಿ ಬರೆದ ಓಂ ಶಾಂತಿಗಳನ್ನು ಓದಿ, ಬಳಗದವರು ಆಗಲೇ ಶ್ರದ್ಧಾಂಜಲಿ ಸಭೆ ಸೇರಿಸಿದ್ದರು.

"ಅಮ್ಮಾ, ನಾನು ಕಣಮ್ಮ."

ಪ್ರತಿಮಾ ಬೋಳು ತಲೆಯನ್ನು ನೋಡಿದಳು. "ಮೇಷ್ಟ್ರ ತಮ್ಮ ಅಲ್ವಾ? ಅದೇ ಕಣ್ಣು, ಅದೇ ಧ್ವನಿ. ಕರ್ಮವೆಲ್ಲ ನೀವೇ ಮಾಡಿದಿರಾ?"

"ಅಯ್ಯೋ, ಸಿದ್ದರಾಮು ಸತ್ತಿಲ್ಲಮ್ಮ."

"ನಿಜ ಸರ್. ಅಂಥವರು ಸಾಯೋದಿಲ್ಲ. ನಮ್ಮ ಮಕ್ಕಳ ಹಾಡಿನಲ್ಲಿ ಬದುಕಿರ್ತಾರೆ." ಅವಳು ಸಭೆಯ ಕಡೆ ತಿರುಗಿದಳು. "ಎಲ್ಲರೂ ಕೇಳಿ, ಗುರುಗಳ ತಮ್ಮ ಮಾತಾಡ್ತಿದ್ದಾರೆ. ಎರಡು ನಿಮಿಷ ಎದ್ದು ನಿಲ್ಲಿ."

ಬಸವಯ್ಯ ಎಲೆಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು. ಅವರ ಮುಖದ ಗಂಟು ಸಡಿಲವಾಯಿತು.

"ಸರಿಹೋಯ್ತು. ಹಾರ ಹಾಕಿದ್ದು ಹೋದ ತಿಂಗಳು ಅಂತ ವಿಡಿಯೋ ಮೇಲೇ ಬರ್ದೈತೆ. ಸೋಮವಾರ ಇವ್ರು ಬೋಳ್ಸಿದ್ದೂ ತಿಥಿ ಲೆಕ್ಕಕ್ಕೆ ಕೂಡ್ತದೆ. ಸೂತಕ ಹರಿದೋಗೈತೆ. ಈಗ ಒಸಿ ನೀರು ಹುಯ್ಕಂಡ್ರೆ ಸಾಕು, ತಟ್ಟೆ ಎತ್ತಬೋದು. ಸಾವಾಗೈತೆ ಅಂತ ನೀವು ಒಪ್ಕಂಡ್ರೆ ಮಾತ್ರ."

ಅಂಬಮ್ಮ ಅಣ್ಣನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ನಿನ್ ಕಾಲಿಗ್ ಬೀಳ್ತೀನಿ ಕಣಣ್ಣ. ಇವತ್ತೊಂದಿನ ಸತ್ತೋಗು."

"ನಾಳಿಕ್ಕೆ?"

"ನಾಳಿಕ್ಕೆ ಆಷಾಢ, ಯಾರೂ ಬರಕಿಲ್ಲ."

"ಮದುವೆಗೆ ಬರಬ್ಯಾಡ್ವೇನವ್ವಾ?"

"ತಮ್ಮನಾಗಿ ಬಾ. ಮೀಸೆ ಮಾತ್ರ ಬುಡಬ್ಯಾಡ."

ಬಾಗಿಲ ಬಳಿ ಮಾನ್ಯ ಹೊಸ ಸೀರೆಯ ಅಂಚನ್ನು ಹಿಂಡುತ್ತ ನಿಂತಿದ್ದಳು. ಮಾವನ ಮುಖವನ್ನು ನೋಡಿದಳು. ಸಿದ್ದರಾಮು ಬಚ್ಚಲಿಗೆ ನಡೆದ. ತನ್ನ ಸಾವಿಗೆ ತಾನೇ ತಲೆಯ ಮೇಲೆ ತಣ್ಣೀರು ಹುಯ್ದುಕೊಂಡು ಬಂದ.

"ಹೆಸರೇನಂದ್ರಿ?" ಎಂದರು ಬಸವಯ್ಯ.

"ಗಂಗರಾಜು," ಎಂದಳು ಅಂಬಮ್ಮ.

"ನಿಮ್ಮಣ್ಣನಷ್ಟು ಅಲ್ದಿದ್ರೂ ನೀವೂ ಒಳ್ಳೆಯೋರಂಗೇ ಕಾಣ್ತೀರ. ಅವ್ರೊಬ್ರು ಇರ್ಬೇಕಿತ್ತು ಇವತ್ತು."

"ಹೂಂ," ಎಂದ ಸಿದ್ದರಾಮು.

"ತಟ್ಟೆ ಎತ್ತೋಕೆ ಮೊದ್ಲು ಹೋದೋರಿಗೆ ಕೈ ಮುಗಿಯಣ. ಒಡಹುಟ್ಟಿದೋರು ನೀವು, ನೀವೇ ಬೇಡ್ಕಳಿ."

ಎಲ್ಲರೂ ಎದ್ದು ನಿಂತರು. ತೆರೆದೇ ಇದ್ದ ಮೊಬೈಲಿನಲ್ಲಿ ಸಮುದ್ರದಾಚೆಯವರೂ ನಿಂತಿದ್ದರು. ಕೋಲಾಟದ ಮಕ್ಕಳು ಮುಂದಿನ ಸಾಲಿನಲ್ಲಿ ಪುಟ್ಟ ಕೈಗಳನ್ನು ಜೋಡಿಸಿದ್ದವು. ಸಿದ್ದರಾಮು ಕಣ್ಣು ಮುಚ್ಚಿದ.

"ಸ್ವಾಮಿ ಮಾದಪ್ಪ, ನಮ್ಮ ಸಿದ್ದರಾಮು ಯಾರಿಗೂ ಕೆಟ್ಟದ್ದು ಬಗೆದೋನಲ್ಲ. ತಿಳಿದೋ ತಿಳೀದೆಯೋ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೋ. ಈಗ ಅವನು ಎಲ್ಲೇ ನಿಂತಿರ್ಲಿ, ಅವನ ಆತ್ಮಕ್ಕೆ ಒಸಿ ಶಾಂತಿ ಕೊಡು ತಂದೆ."