ಕೆಂಚಣ್ಣನಿಗೆ ಮೂರು ಎಣಿಸಲು ಬರುತ್ತದೆಯೇ?

ನಮ್ಮ ಮನೆಯಲ್ಲಿ ನಾಯಿಯನ್ನು ‘ಕೆಂಚಣ್ಣ’ ಎಂದು ಕರೆಯುತ್ತಾರೆ. ನನ್ನನ್ನು ‘ರೀ’ ಎಂದು ಕರೆಯುತ್ತಾರೆ. ಅಣ್ಣ ಎನ್ನುವ ಗೌರವ ಅದಕ್ಕೆ, ಬರೀ ಒಂದಕ್ಷರ ನನಗೆ. ಇಬ್ಬರನ್ನೂ ಕರೆಯುವವಳು ಒಬ್ಬಳೇ, ನನ್ನ ಧರ್ಮಪತ್ನಿ ಧನಲಕ್ಷ್ಮಿ. ಇದನ್ನು ನಾನು ಇದುವರೆಗೆ ಎಲ್ಲೂ ದೂರಿಕೊಂಡವನಲ್ಲ. ಆದರೆ ಹೋದ ತಿಂಗಳು ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. (ಸ್ಕೂಲಿನಲ್ಲಿ ಹೇಳುವಂತಿಲ್ಲ. ಅಲ್ಲಿ ನಾನು ವಿಜ್ಞಾನದ ಮೇಷ್ಟ್ರು ಗಂಗಾಧರಯ್ಯ.)

ಮಧುಗಿರಿಯಲ್ಲಿ ನಮ್ಮದೊಂದು ಸಂಘವಿದೆ. ಅಖಿಲ ಮಧುಗಿರಿ ಕಿರುವಿಮಾನ ಹಾರಾಟಗಾರರ ಸಂಘ. ಅಧ್ಯಕ್ಷ ಅಂಜನ್ ಕುಮಾರ್, ಮೊಬೈಲ್ ರಿಪೇರಿ ಅಂಗಡಿಯವನು. ಕಾರ್ಯದರ್ಶಿ ಓಬಳರಾಜು, ಪಾವಗಡದ ಕಡೆಯವರು, ಸಿಮೆಂಟ್ ಇಟ್ಟಿಗೆ ಮಾಡಿಸುತ್ತಾರೆ. ಸಮಸ್ತ ಸದಸ್ಯವೃಂದ ನಾನು. ಥರ್ಮಾಕೋಲ್ ಕತ್ತರಿಸಿ, ಗೋಂದು ಹಚ್ಚಿ, ಮೋಟಾರು ಕೂರಿಸಿ, ಮೂತಿಗೊಂದು ಫ್ಯಾನು ಸಿಕ್ಕಿಸಿ, ರಿಮೋಟ್ ಹಿಡಿದು ಹಾರಿಸುತ್ತೇವೆ. ಮನೆಯಲ್ಲಿ ಟಿವಿ ರಿಮೋಟ್ ಮುಟ್ಟಲೂ ಅಪ್ಪಣೆ ಬೇಕಾದ ಗಂಡಸಿಗೆ, ಆಕಾಶದಲ್ಲಿ ಒಂದು ವಸ್ತು ತನ್ನ ಮಾತು ಕೇಳುತ್ತದೆ ಎಂದರೆ ಅದೆಂಥ ಸುಖ ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾರಕ್ಕೊಂದು ಸಂಜೆ, ಅಷ್ಟೇ ನನ್ನ ಸ್ವರಾಜ್ಯ.

ನಮ್ಮ ವಿಮಾನ ನಿಲ್ದಾಣ ಐ.ಡಿ.ಹಳ್ಳಿ ರಸ್ತೆಯಿಂದ ಒಳಗಿರುವ ಒಂದು ಬತ್ತಿದ ಕೆರೆಯಂಗಳ. ನೆಲ ಒಣಗಿ ಹಪ್ಪಳದ ಹಾಗೆ ಬಿರಿದಿದೆ. ಏರಿಯ ಉದ್ದಕ್ಕೂ ಹುಣಸೆ ಮರಗಳು. ಥರ್ಮಾಕೋಲ್ ವಿಮಾನಕ್ಕೆ ಗಾಳಿ ಆಗದು. ಹಾಗಾಗಿ ಗಾಳಿ ಬಿದ್ದ ಮೇಲೆ, ಹೊತ್ತು ಮುಳುಗುವ ಸಮಯಕ್ಕೇ ನಮ್ಮ ಹಾರಾಟ. ಅಷ್ಟು ಹೊತ್ತಿಗೆ ಕುರಿ ಮೇಯಿಸುವವರು ಹೊರಟುಬಿಡುತ್ತಾರೆ, ಅದೂ ಏರಿಯ ಮೇಲಿನ ನೇರ ದಾರಿ ಬಿಟ್ಟು ಹೊಲದ ಬದುಗಳ ಮೇಲೆ ಸುತ್ತಿಕೊಂಡು. ಯಾಕೆ ಎಂದು ನಾನು ಕೇಳಿರಲಿಲ್ಲ.

ಶನಿವಾರ ಧನಲಕ್ಷ್ಮಿ ಅಪ್ಪಣೆ ಹೊರಡಿಸಿದಳು. “ನಾಳೆ ಕೆಂಚಣ್ಣನ್ನೂ ಕರ್ಕಂಡೋಗಿ.”

“ಅದನ್ಯಾಕೆ? ಅದೇನು ಪೈಲಟ್ಟಾ?”

“ನೀವು ಹೋದ್ಮೇಲೆ ಗೇಟ್ ಹತ್ರ ಕೂತ್ಕಂಡು ಅಳ್ತೈತೆ ಕಣ್ರೀ. ಅದೂ ಅಲ್ದೆ ಆ ಕೆರೆ ಅಂಗಳ ಹೊತ್ತು ಮುಳುಗೋ ಟೈಮ್ನಾಗೆ ಒಳ್ಳೇದಲ್ಲ ಅಂತಾರೆ. ಜೊತೇಲಿ ಬುದ್ಧಿ ಇರೋ ಜೀವ ಒಂದಾದ್ರೂ ಇರ್ಲಿ.”

(ಸಂಘದ ಮೂವರೂ ಅಲ್ಲಿರುತ್ತೇವೆ ಎಂಬುದು ಅವಳಿಗೆ ಗೊತ್ತಿತ್ತು.)

ಸರಿ, ಸಂಘದ ಒಪ್ಪಿಗೆ ಕೇಳೋಣವೆಂದು ಓಬಳರಾಜುಗೆ ಫೋನ್ ಮಾಡಿದೆ. ಎಂದಿನಂತೆ ಮೊದಲ ಸಲ ಎತ್ತಲಿಲ್ಲ, ಎರಡನೇ ಸಲ ಎತ್ತಲಿಲ್ಲ, ಮೂರನೇ ಸಲಕ್ಕೆ ಎತ್ತಿದರು.

“ನಾಯಿ ಬ್ಯಾಡ ಮೇಷ್ಟ್ರೇ,” ಅಂದರು.

“ಫ್ಯಾನಿಗೆ ಮೂತಿ ಕೊಡುತ್ತೆ ಅಂತಲಾ? ಕಟ್ಟಿಹಾಕ್ತೀನಿ.”

“ಫ್ಯಾನ್ ಮನೆ ಹಾಳಾಗ್ಲಿ ಬುಡಿ. ಅಲ್ಲಿ ಕರೆಯೋದೈತೆ.” ಅವರ ದನಿ ತಗ್ಗಿತು. “ಕತ್ಲಾಗೋ ಹೊತ್ನಾಗೆ ಏರಿ ಮ್ಯಾಲಿಂದ ನಮ್ಗೆ ಗೊತ್ತಿರೋರ ದನೀಲೇ ಕರೀತೈತೆ. ಒಂದ್ಸಲ ಕರೀತೈತೆ, ಎರಡ್ಸಲ ಕರೀತೈತೆ. ಮೂರನೇದು ಅದ್ಕೆ ಬರಾಕಿಲ್ಲ. ಅದ್ಕೇ ನಾವು ಮೂರನೇ ಕೂಗಿಗೇ ಓ ಅನ್ನೋದು. ನಾಯಿಗೆ ಮೂರು ಎಣ್ಸಾಕ್ ಬತ್ತದಾ? ಒಂದೇ ಕೂಗಿಗೆ ಬಾಲ ಅಲ್ಲಾಡಿಸ್ಕಂಡು ಓಡ್ತೈತೆ. ಓಗೊಟ್ರೆ ಮುಗೀತು, ಹಿಂದೇನೇ ಮನೇಗಂಟ ಬತ್ತೈತೆ.”

ನಾನು ಜೋರಾಗಿ ನಕ್ಕೆ. ಆದರೆ ಅಂಜನ್ ಕುಮಾರ್ ಅಂಗಡಿಯಲ್ಲಿ ಗಿರಾಕಿಗಳು “ಅಣ್ಣಾ, ಅಣ್ಣಾ” ಎಂದು ಎರಡು ಸಲ ಕರೆದರೂ ತಲೆ ಎತ್ತದೆ ಇರುವುದು ನೆನಪಾಯಿತು. ಇಷ್ಟು ದಿನ ಅದನ್ನು ಕೊಬ್ಬು ಎಂದುಕೊಂಡಿದ್ದೆ.

ಧನಲಕ್ಷ್ಮಿಗೆ ಸಂಘದ ತೀರ್ಮಾನ ತಿಳಿಸಿದೆ. ಅವಳು ಕೇಳಿಸಿಕೊಂಡು, “ನಮ್ಮ ಚನ್ನರಾಯನದುರ್ಗದ ಕಡೇನೂ ಹಂಗೇ ಅಂತಾರೆ,” ಅಂದಳು. “ಅದಕ್ಕೇ ಕೆಂಚಣ್ಣ ಬೇಕು ಅಂದಿದ್ದು. ಅವನು ಹೋಗ್ದಿದ್ರೆ ವಿಮಾನಾನೂ ಹೋಗಲ್ಲ, ಅಟ್ಟಕ್ಕೆ ಹಾಕ್ಬುಡ್ತೀನಿ. ಅವನಿಗೆ ಒಂದ್ ಕೂದ್ಲು ಕೊಂಕಿದ್ರೂ ನೀವು ಮನೇಗೆ ಬರ್ಬೇಡಿ.”

ಭಾನುವಾರ ಸಂಜೆ ಸ್ಕೂಟರಿನ ಮುಂದೆ ಕೆಂಚಣ್ಣ, ಹಿಂದೆ ವಿಮಾನ, ನಡುವೆ ನಾನು. ನಾಯಿಯನ್ನು ನೋಡಿ ಓಬಳರಾಜು ಮುಖ ಸಿಂಡರಿಸಿದರು. ಅಂಜನ್ ಕುಮಾರ್ ಮಾತ್ರ, “ಬಂದಾಗೈತಲ್ಲ ಬುಡಿ. ಆದ್ರೆ ಹೆಸ್ರು ಹಿಡ್ದು ಯಾರೂ ಕರೀಬ್ಯಾಡಿ, ಕೇಳಿಸ್ಕಂಡು ಕಲ್ತ್ಕತೈತೆ,” ಅಂದ. ಯಾವುದು ಕಲಿತುಕೊಳ್ಳುತ್ತದೆ ಎಂದು ಹೇಳಲಿಲ್ಲ. ನಾನು ವೈಜ್ಞಾನಿಕ ಮನೋಭಾವದಿಂದ, “ಕೆಂಚಣ್ಣಾ, ಬಾರೋ ಕೆಂಚಣ್ಣಾ, ಇಲ್ಲಿ ಕೂತ್ಕೊಳೋ ಕೆಂಚಣ್ಣಾ!” ಎಂದು ಇಡೀ ಕೆರೆಗೆ ಕೇಳಿಸುವಂತೆ ಕೂಗಿದೆ.

ಹಾರಾಟ ಚೆನ್ನಾಗಿಯೇ ಶುರುವಾಯಿತು. ನನ್ನ ವಿಮಾನ ಕೆರೆಯ ಮೇಲೆ ಎರಡು ಸುತ್ತು ಹಾಕಿತು. ಸೂರ್ಯ ಮುಳುಗಿದ. ದೂರದ ಮಧುಗಿರಿ ಬೆಟ್ಟ ಕಪ್ಪಾಯಿತು. ಅದುವರೆಗೆ ಕಿರ್ರೆನ್ನುತ್ತಿದ್ದ ಜೀರುಂಡೆಗಳು ಯಾರೋ ಸ್ವಿಚ್ ಆರಿಸಿದಂತೆ ಒಟ್ಟಿಗೇ ನಿಂತುಬಿಟ್ಟವು. ವಿಮಾನದ ಮೋಟಾರಿನ ಸದ್ದೊಂದೇ ಉಳಿಯಿತು. ಸ್ಕೂಟರಿನ ಪಕ್ಕ ಮಲಗಿದ್ದ ಕೆಂಚಣ್ಣ ಎದ್ದು ಕೂತು ಏರಿಯ ಕಡೆ ನೋಡತೊಡಗಿದ. ನಾನೂ ನೋಡಿದೆ. ಮರಗಳು, ಅಷ್ಟೇ. ಆದರೆ ಅವನ ತಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗುತ್ತಿತ್ತು, ಏರಿಯ ಮೇಲೆ ನಡೆದುಹೋಗುವ ಒಬ್ಬರನ್ನು ನೋಡುವ ಹಾಗೆ. ನಡುವಿನ ದೊಡ್ಡ ಮರದ ನೇರಕ್ಕೆ ಬಂದು ತಲೆ ನಿಂತಿತು.

“ಕೆಂಚಣ್ಣಾ...”

ಅದು ಧನಲಕ್ಷ್ಮಿಯ ದನಿ. ಅನುಮಾನವೇ ಇಲ್ಲ. ದಿನಾ ಸಂಜೆ ಹಿತ್ತಿಲಲ್ಲಿ ಅನ್ನ ಹಾಕುವಾಗ ಕರೆಯುವ ದನಿ. ಓಬಳರಾಜು ನೆಲ ನೋಡುತ್ತಾ ನಿಂತರು. ಅಂಜನ್ ಕುಮಾರ್ ತನ್ನ ಕಿವಿ ಮುಚ್ಚಿಕೊಂಡ. ಕೆಂಚಣ್ಣನ ಬೆನ್ನಿನ ಕೂದಲು ನಿಮಿರಿ ನಿಂತಿತು. ಬಾಲ ಮಾತ್ರ ಅಲುಗಲಿಲ್ಲ.

“ಕೆಂಚಣ್ಣಾ...”

ಅವನು ಒಂದು ಹೆಜ್ಜೆ ಹಿಂದೆ ಬಂದು ನನ್ನ ಕಾಲಿಗೆ ಒತ್ತಿಕೊಂಡು ಕೂತ. ಮೈ ನಡುಗುತ್ತಿತ್ತು, ಆದರೆ ಕೂತೇ ಇದ್ದ. ಮೂರನೇ ಕೂಗು ಬರಲಿಲ್ಲ.

ಆದರೂ ನಾನು ವಿಜ್ಞಾನದ ಮೇಷ್ಟ್ರಲ್ಲವೇ? ಪರೀಕ್ಷಿಸಿ ನೋಡೋಣವೆಂದು ಮನೆಗೆ ಫೋನ್ ಮಾಡಿ, ಫೋನನ್ನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

“ಏನ್ರೀ?”

“ಎಲ್ಲಿದ್ದೀಯಾ?”

“ಎಲ್ಲಿರ್ತೀನಿ? ಮುದ್ದೆಗೆ ಎಸರಿಟ್ಟಿದೀನಿ. ಇದನ್ನ ಕೇಳಾಕೆ ಫೋನ್ ಮಾಡಿದ್ರಾ? ಕೆಂಚಣ್ಣ ಹೆಂಗವ್ನೆ? ನೀರು ಕುಡಿಸಿದ್ರಾ? ಇಲ್ಲ ಅಲ್ವಾ? ನಂಗೊತ್ತು, ನಿಮ್ಮ ತಲೇಲಿ ಏನಿರ್ತೈತೆ...”

ಎಡಗಿವಿಯಲ್ಲಿ ಹೀಗೆ ಮಂಗಳಾರತಿ ನಡೆಯುತ್ತಿರುವಾಗಲೇ ಬಲಗಿವಿಗೆ ಏರಿಯ ಕಡೆಯಿಂದ ಅದೇ ದನಿ ಕೇಳಿಸಿತು. ಅದೇ ದನಿ, ಆದರೆ ಬೆಲ್ಲದ ಪಾಕದಲ್ಲಿ ಅದ್ದಿದಂತೆ.

“ರೀ... ಸುಸ್ತಾಗಿದೆಯೇನ್ರೀ? ಬನ್ನಿ, ಕಾಫಿ ಮಾಡ್ಕೊಡ್ತೀನಿ.”

“ಬಂದೇ!” ಅಂದೆ.

ಓದುಗರೇ, ಇದು ನಾನು ಯೋಚಿಸಿ ಆಡಿದ ಮಾತಲ್ಲ. ಇಷ್ಟು ವರ್ಷಗಳ ಸಂಸಾರದಲ್ಲಿ ‘ರೀ’ ಎಂಬ ಶಬ್ದಕ್ಕೂ ‘ಬಂದೆ’ ಎಂಬ ಶಬ್ದಕ್ಕೂ ನಡುವೆ ನನ್ನ ಮೆದುಳಿಗೆ ಕೆಲಸವಿಲ್ಲ. ಬಾಯಿ ಹೇಳಿತು, ಕಾಲು ಹೊರಟಿತು. ಕೈಯಿಂದ ರಿಮೋಟ್ ಬಿತ್ತು. ವಿಮಾನ ಹೋಗಿ ಜಾಲಿ ಪೊದೆಯೊಳಗೆ ಬಿತ್ತು. “ಮೇಷ್ಟ್ರೇ!” ಎಂದು ಅಂಜನ್ ಕುಮಾರ್ ಕೂಗಿದ. ಗಾಬರಿಯಾದಾಗ ತೆಲುಗಿಗೆ ಜಾರುವ ಓಬಳರಾಜು, “ಪೋವದ್ದು ಸಾರ್, ಪೋವದ್ದು!” ಎಂದು, ಹೋಗಬೇಡಿ ಎಂದು ಅರಚಿದರು. ನಾನು ತಿರುಗಿ ನೋಡಲಿಲ್ಲ. ಏರಿಯ ಮೇಲೆ, ದೊಡ್ಡ ಮರದ ಪಕ್ಕದಲ್ಲಿ ಸೀರೆಯ ಸೆರಗಿನಂಥದ್ದು ಗಾಳಿಯಿಲ್ಲದೆ ಅಲುಗಿದ್ದನ್ನು ಮಾತ್ರ ನೋಡಿದೆ. ಅಷ್ಟರಲ್ಲಿ ಹಿಂದಿನಿಂದ ಪರ್‍ರ್ ಎಂದು ಸದ್ದಾಯಿತು. ಕೆಂಚಣ್ಣ ನನ್ನ ಪ್ಯಾಂಟಿನ ಅಂಚು ಕಚ್ಚಿ ಹಿಡಿದು, ನಾಲ್ಕೂ ಕಾಲು ಊರಿ ನಿಂತಿದ್ದ.

ಮನೆಗೆ ಹೋಗುವಾಗ ಅವನು ಸ್ಕೂಟರ್ ಹತ್ತಲಿಲ್ಲ. ಹಿಂದಿನ ಸೀಟನ್ನು ನೋಡಿ ಗುರ್ ಎಂದು, ಪಕ್ಕದಲ್ಲೇ ಓಡುತ್ತಾ ಬಂದ. ವಿಮಾನ ಜಾಲಿ ಪೊದೆಯಲ್ಲೇ ಉಳಿದಿದ್ದರಿಂದ ಸೀಟು ಖಾಲಿಯಿತ್ತು. ಆದರೂ ಏರು ಬಂದಾಗ ಸ್ಕೂಟರು ಡಬಲ್ ರೈಡಿಂಗಿನಲ್ಲಿ ಏದುವ ಹಾಗೆ ಏದಿತು. ನಾನು ಕನ್ನಡಿಯನ್ನು ಆಕಾಶಕ್ಕೆ ತಿರುಗಿಸಿಬಿಟ್ಟೆ.

ಧನಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. ಕೆಂಚಣ್ಣನನ್ನು ತಲೆಯಿಂದ ಬಾಲದವರೆಗೆ ಸವರಿ ನೋಡಿ ಒಳಗೆ ಕಳಿಸಿದಳು. ನನ್ನನ್ನು ಮೆಟ್ಟಿಲ ಮೇಲೇ ನಿಲ್ಲಿಸಿದಳು.

“ಫೋನ್ನಾಗೆ ಬಂದೇ ಅಂದ್ರಲ್ಲ, ಯಾರಿಗೆ?”

“ನಿನಗೇ.”

“ನಾನು ಕರ್ದೇ ಇಲ್ಲ. ಬೈತಾ ಇದ್ದೆ.”

“ನಿನ್ನ ದನೀಲೇ ಕರೀತು ಕಣೇ.”

“ಏನಂತ?”

“ಸುಸ್ತಾಗಿದೆಯೇನ್ರೀ, ಬನ್ನಿ, ಕಾಫಿ ಮಾಡ್ಕೊಡ್ತೀನಿ ಅಂತ.”

“ನಾನು ಯಾವತ್ತಾದ್ರೂ ಹಂಗಂದಿದೀನಾ?”

ಸುಳ್ಳು ಹೇಳಲು ಸಮಯ ಸಿಗಲಿಲ್ಲ. “ಇಲ್ಲ,” ಅಂದೆ.

“ಅಂದ್ರೆ ನಾನಲ್ಲ ಅಂತ ಗೊತ್ತಾಗಿತ್ತು.”

“ಹೂಂ.”

“ಗೊತ್ತಿದ್ದೂ ಹೊಂಟ್ರಿ.”

ಈ ಪ್ರಶ್ನೆಪತ್ರಿಕೆಯಲ್ಲಿ ಸರಿ ಉತ್ತರವೇ ಇರಲಿಲ್ಲ. ಅವಳೇ ಅಂದುಕೊಂಡೆ ಎಂದರೆ ನಾನು ದಡ್ಡ, ಅಲ್ಲ ಎಂದು ಗೊತ್ತಿತ್ತು ಎಂದರೆ ನಾನು ಲಫಂಗ. ನಾನು ಹರಿದ ಪ್ಯಾಂಟು ನೋಡುತ್ತಾ ನಿಂತೆ. ಆಗ ನನ್ನ ಬೆನ್ನ ಹಿಂದೆ, ಗೇಟಿನ ಆಚೆ ಕತ್ತಲಲ್ಲಿ, ಯಾರೋ ಬಳೆ ಸರಿಸಿಕೊಂಡ ಸದ್ದಾಯಿತು.

“ರೀ... ಕಾಫಿ ಆರ್ತಾ ಐತೆ.”

ಧನಲಕ್ಷ್ಮಿ ನನ್ನೆದುರಿಗೇ ನಿಂತಿದ್ದಳು. ಅವಳ ತುಟಿ ಅಲುಗಿರಲಿಲ್ಲ. ಒಳಗಿನಿಂದ ಕೆಂಚಣ್ಣ ಸಣ್ಣಗೆ ಊಳಿಟ್ಟ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಇವತ್ತಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಈ ಹೆಂಗಸನ್ನೂ ಈ ಮನೆಯನ್ನೂ ಇನ್ನು ನೋಡುವುದಿಲ್ಲವಲ್ಲಾ ಎಂದು ನಿಜವಾಗಿಯೂ ಸಂಕಟಪಟ್ಟೆ.

ಧನಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಗೇಟಿನವರೆಗೂ ಹೋದಳು.

“ಯಾವಳೇ ಅದು? ಕಾಫಿ ಮಾಡ್ಕೊಡ್ತೀಯಾ? ಬಾ, ಕರ್ಕಂಡೋಗು! ಮೊದ್ಲೇ ಹೇಳ್ಬುಟ್ಟಿರ್ತೀನಿ, ಕೇಳಿಸ್ಕೋ. ಕಾಫಿ ಬಿಸಿ ಇದ್ರೆ ಸುಡ್ತು ಅಂತಾರೆ, ತಡ ಮಾಡಿ ಕುಡ್ದು ಆರೋಯ್ತು ಅಂತಾರೆ. ಒದ್ದೆ ಟವಲ್ ಹಾಸ್ಗೆ ಮೇಲೆ ಹಾಕ್ತಾರೆ. ಕನ್ನಡಕ ಹಣೆ ಮೇಲಿಟ್ಕಂಡು ಮನೆಯೆಲ್ಲಾ ಹುಡುಕಿಸ್ತಾರೆ. ದಿಂಬಿನಾಗೆ ಥರ್ಮಾಕೋಲು, ಸಾರಿನಾಗೆ ಥರ್ಮಾಕೋಲು. ಎಡಕ್ಕೆ ಮಲಗಿದ್ರೆ ಒಂಥರಾ ಗೊರಕೆ, ಬಲಕ್ಕೆ ಮಲಗಿದ್ರೆ ಇನ್ನೊಂಥರಾ. ನಮ್ಮಮ್ಮ ಬರ್ತಾರೆ ಅಂದ್ರೆ ಸಾಕು, ಹೊಟ್ಟೆ ನೋವು ಬಂದ್ಬುಡ್ತೈತೆ. ಒಂದ್ ಕೆಲ್ಸ ಹೇಳಿದ್ರೆ ಬಂದೇ ಅಂತಾರೆ, ಬರೋದು ಮಾತ್ರ ಆ ಕೆಲ್ಸ ಮುಗ್ದ ಮ್ಯಾಲೆ! ಹೇಳು, ಬೇಕಾ?”

ಆಚೆಯಿಂದ ಸದ್ದಿಲ್ಲ.

“ಬೇಕಾ?”

ಗೇಟಿನ ಹೊರಗೆ ಒಣಗಿದ ಹೊಂಗೆ ಎಲೆಗಳ ಮೇಲೆ ಏನೋ ಒಂದು ಹೆಜ್ಜೆ ಹಿಂದಕ್ಕೆ ಇಟ್ಟಿತು.

“ಬೇಕೇನೇ?”

ಮೂರನೇ ಕೂಗಿಗೂ ಯಾರೂ ಓ ಅನ್ನಲಿಲ್ಲ. ಎಲೆಗಳ ಸದ್ದು ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಬೇಗ, ಕೊನೆಗೆ ಓಟದ ಹಾಗೆ, ಐ.ಡಿ.ಹಳ್ಳಿಯ ದಿಕ್ಕಿಗೆ ದೂರವಾಯಿತು. ಜೀರುಂಡೆಗಳು ಮತ್ತೆ ಶುರುವಾದವು. ನನಗೆ ಹೋದ ಜೀವ ಬಂದಂತಾಯಿತು. ಮರುಕ್ಷಣವೇ ಮಾನ ಹೋದಂತೆಯೂ ಆಯಿತು. “ಬನ್ನಿ ಒಳಗೆ, ಮುದ್ದೆ ಆರ್ತೈತೆ,” ಎಂದು ಧನಲಕ್ಷ್ಮಿ ಗದರಿದಳು. ಅಷ್ಟು ಇಂಪಾದ ದನಿಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಆ ವಾರವೇ ಸಂಘದ ತುರ್ತು ಸಭೆ ಸೇರಿ ಕೆಂಚಣ್ಣನನ್ನು ಅವಿರೋಧವಾಗಿ ಉಪಾಧ್ಯಕ್ಷನನ್ನಾಗಿ ಆರಿಸಿತು. ನನ್ನ ಸದಸ್ಯತ್ವವನ್ನು ಅವನ ಉಸ್ತುವಾರಿಯಲ್ಲಿ ಮುಂದುವರಿಸಲು ಒಪ್ಪಿಗೆಯಾಯಿತು.

ಮುಂದಿನ ಭಾನುವಾರ ಕೆರೆಯಂಗಳದಲ್ಲಿ ನಾವು ನಾಲ್ವರೂ ಇದ್ದೆವು. ಹೊತ್ತು ಮುಳುಗಿತು, ಜೀರುಂಡೆಗಳು ನಿಂತವು. ಏರಿಯ ಮೇಲಿಂದ ಒಬ್ಬ ಮುದುಕಿಯ ದನಿ “ಅಂಜೂ... ಅಂಜೂ...” ಎಂದಿತು. ಅಂಜನ್ ಕುಮಾರ್ ಕಣ್ಣು ಮುಚ್ಚಿಕೊಂಡು, “ನಮ್ಮಜ್ಜಿ,” ಎಂದು ಪಿಸುಗುಟ್ಟಿದ. ಅಜ್ಜಿ ಹೋಗಿ ಬಹಳ ಕಾಲವಾಗಿತ್ತು. ಆಮೇಲೆ ಒಂದು ಗಂಡು ದನಿ ತೆಲುಗಿನಲ್ಲಿ ಓಬಳರಾಜುವನ್ನು ಎರಡು ಸಲ ಕರೆಯಿತು. ಆಮೇಲೆ “ಕೆಂಚಣ್ಣಾ... ಕೆಂಚಣ್ಣಾ...” ಕೆಂಚಣ್ಣ ಆಕಳಿಸಿದ.

ಇನ್ನು ನನ್ನ ಸರದಿ. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಸಜ್ಜಾಗಿ ನಿಂತೆ. ಕಾದೆ. ಯಾರೂ ಕರೆಯಲಿಲ್ಲ. ಬಾಯಿಂದ ಕೈ ತೆಗೆದೆ. ಸಣ್ಣಗೆ ಕೆಮ್ಮಿದೆ. ಆಗಲೂ ಇಲ್ಲ. ಗೆಳೆಯರಿಬ್ಬರೂ ನನ್ನ ಕಡೆ ನೋಡದೆ ವಿಮಾನ ಕಟ್ಟಿಡತೊಡಗಿದರು, ಅವರ ಮರ್ಯಾದೆ ದೊಡ್ಡದು. ಕೊನೆಗೆ ನಾನೇ ಏರಿಯ ಕಡೆ ಎರಡು ಹೆಜ್ಜೆ ನಡೆದು, ಅವರಿಗೆ ಕೇಳಿಸದ ಹಾಗೆ, “ನಾನೂ ಬಂದಿದೀನಿ,” ಅಂದೆ.

ದೊಡ್ಡ ಹುಣಸೆ ಮರದ ಕೆಳಗೆ ಏನೋ ಸರಸರನೆ ಎದ್ದು, ನನಗೆ ಕಾಣದ ಹಾಗೆ ಮರದ ಆಚೆ ಬದಿಗೆ ಹೋಗಿ ನಿಂತಿತು.