ನಾಲ್ಕು ವೈರಿಗೂ ವಿಭೂತಿ

ಪಂಚಾಕ್ಷರಯ್ಯನವರನ್ನು ನಾನು ಮೊಟ್ಟಮೊದಲು ಕಂಡದ್ದು ಎರಡು ಪಾದಗಳ ರೂಪದಲ್ಲಿ. ಜೋಗುಪಾಳ್ಯದ ಆ ಓಣಿಗೆ ನಾವು ಬಾಡಿಗೆಗೆ ಬಂದ ಮಾರನೆಯ ದಿನ, ಒಂದು ಶನಿವಾರ ಬೆಳಿಗ್ಗೆ, ಹಾಲಿನ ಅಂಗಡಿ ಹುಡುಕುತ್ತ ಹೊರಟಿದ್ದೆ. ಎದುರುಮನೆಯ ಮುಂದೆ ಬೂದುಬಣ್ಣದ ಹಳೆಯ ಕಾರೊಂದು ನಿಂತಿತ್ತು. ಅದರ ಕೆಳಗಿನಿಂದ ಎರಡು ಪಾದಗಳು ಓಣಿಯ ಕಡೆಗೆ ಚಾಚಿಕೊಂಡಿದ್ದವು.

“ಸ್ವಾಮಿ, ಇಲ್ಲಿ ಹಾಲಿನ ಅಂಗಡಿ ಎಲ್ಲಿದೆ?” ಎಂದೆ.

“ದೊಡ್ಡ ಪಾನಾ ಕೊಡಿ” ಎಂದವು ಪಾದಗಳು.

ನಾನು ಮೂವತ್ತೈದು ವರ್ಷ ಮಕ್ಕಳಿಗೆ ಸಂಧಿ ಸಮಾಸ ಕಲಿಸಿದವನು. ನೆಲದ ಮೇಲೆ ಹರಡಿದ್ದ ಕಬ್ಬಿಣದ ಸಾಮಾನುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಟ್ಟೆ.

“ಇದು ಇಕ್ಕಳ” ಎಂದು ಪಾದಗಳು ನಿಟ್ಟುಸಿರುಬಿಟ್ಟವು.

ಆ ದಿನ ನಡೆದದ್ದನ್ನು ನಾನು ಆಮೇಲೆ ಅವರ ಬಾಯಿಂದಲೂ, ಅವರ ಮನೆಯವರಾದ ಗುರುದೇವಿಯವರ ಬಾಯಿಂದಲೂ, ಪಕ್ಕದ ಮನೆಯ ಮುನಿರಾಜಪ್ಪನವರ ಬಾಯಿಂದಲೂ ಕೇಳಿದ್ದೇನೆ. ಮೂವರೂ ಒಪ್ಪುವಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಪಂಚಾಕ್ಷರಯ್ಯನವರು ಹಾವೇರಿಯ ಕಡೆಯವರು. ಒಂದು ಸರ್ಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿ ಮೂವತ್ತಮೂರು ವರ್ಷ ಕಡತಗಳಿಗೆ ನಂಬರು ಹಾಕಿ ನಿವೃತ್ತರಾದವರು. ಅವರ ಕಾರಿಗೆ ಆಗ ಹತ್ತೊಂಬತ್ತು ವರ್ಷ. ಅದನ್ನು ಅವರ ಹೊರತು ಮತ್ತೊಬ್ಬರು ಓಡಿಸಿದ ದಾಖಲೆ ಎಲ್ಲಿಯೂ ಇರಲಿಲ್ಲ. ಗುರುದೇವಿಯವರು ಆರು ವರ್ಷಗಳ ಹಿಂದೆಯೇ ಹಲಸೂರಿನಲ್ಲಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಿದ್ದರು. ಆದರೆ ಕಾರಿನ ಕೀ ಯಜಮಾನರ ಜೇಬು ಬಿಟ್ಟು ಕದಲಿರಲಿಲ್ಲ. ಕೇಳಿದಾಗಲೆಲ್ಲ ಒಂದು ಕಾರಣ ಸಿದ್ಧವಾಗಿರುತ್ತಿತ್ತು: ಕ್ಲಚ್ ಸೂಕ್ಷ್ಮ, ಟೈರು ಹೊಸದು, ಟೈರು ಹಳೆಯದು, ಇಂದು ಮೋಡ. (ಒಮ್ಮೆ, “ಇವತ್ತು ಗಾಡಿಗೆ ಮೂಡ್ ಇಲ್ಲ” ಎಂದೂ ಹೇಳಿದ್ದುಂಟಂತೆ.)

ಹೀಗಿರುವಾಗ ಸ್ಟೀರಿಂಗಿನ ಮುಂದೆ ಇಂಜಿನ್ನಿನ ಚಿತ್ರವಿರುವ ಹಳದಿ ದೀಪವೊಂದು ಹೊತ್ತಿಕೊಂಡಿತು. ಕಾರು ಸಿಗ್ನಲ್ಲುಗಳಲ್ಲಿ ಗೂರಲು ಹಿಡಿದ ಮುದುಕನಂತೆ ಕೆಮ್ಮತೊಡಗಿತು. ಮೂವತ್ತು ವರ್ಷದಿಂದ ಆಟೊ ಓಡಿಸುತ್ತಿದ್ದ ಮುನಿರಾಜಪ್ಪನವರು ಬಂದು ಕಿವಿಗೊಟ್ಟು ಕೇಳಿದರು.

“ಪ್ಲಗ್ಗು ನಾಲ್ಕೂ ಸವೆದೋಗವೆ ಸಾರ್. ಕೆಳಗೆ ಹೊಗೆ ಕೊಳವೇಲಿ ಆಕ್ಸಿಜನ್ ಸೆನ್ಸರ್ ಅಂತ ಒಂದೈತೆ. ಹೊಗೆ ಮೂಸಿ ನೋಡಿ ಇಂಜಿನ್ನಿಗೆ ವರದಿ ಒಪ್ಪಿಸೋ ಮೂಗು ಅದು. ಅದೂ ಕಟ್ಕೊಂಡೈತೆ. ಅರ್ಧ ದಿನದ ಕೆಲಸ, ನಾನೇ ಮಾಡ್ಕೊಡ್ತೀನಿ ಬಿಡಿ.”

“ಬೇಡ ಬಿಡಿ. ನಾನೇ ಮಾಡ್ತೀನಿ” ಎಂದರು ಪಂಚಾಕ್ಷರಯ್ಯನವರು. “ನಾಲ್ಕು ವಿಡಿಯೋ ನೋಡಿದ್ದೀನಿ.”

ಗುರುದೇವಿಯವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. “ರೀ, ಭಾನುವಾರ ಮಾನಮ್ಮಕ್ಕ ಊರಿಂದ ಬರ್ತಾಳೆ. ಅವಳ ಮೊಣಕಾಲು ನಿಮಗೆ ಗೊತ್ತಲ್ಲ. ಸ್ಟೇಷನ್ನಿಂದ ಕರ್ಕೊಂಡು ಬಂದು, ಕೆ.ಆರ್. ಪುರಕ್ಕೆ ತಮ್ಮನ ಗೃಹಪ್ರವೇಶಕ್ಕೆ ಹೋಗ್ಬೇಕು. ಈ ಪ್ರಯೋಗ ಎಲ್ಲ ಆಮೇಲೆ ಮಾಡ್ಕೊಳ್ಳಿ.”

‘ಪ್ರಯೋಗ’ ಎಂಬ ಮಾತು ಪಂಚಾಕ್ಷರಯ್ಯನವರಿಗೆ ನಾಟಿತು. “ಶನಿವಾರ ಸಂಜೆ ನೀನು ದೇವರ ದೀಪ ಹಚ್ಚೋ ಹೊತ್ತಿಗೆ ಈ ಗಾಡಿಯನ್ನ ನಾನು ಸರಿಮಾಡದೆ ಇದ್ರೆ, ಕೀ ನಿನ್ನ ಕೈಗೆ!”

“ಒಂದು ದಿನಕ್ಕಾ?”

“ಖಾಯಂ ಆಗಿ!”

“ಮುನಿರಾಜಪ್ಪಣ್ಣ, ನೀವೇ ಸಾಕ್ಷಿ” ಎಂದು ಗುರುದೇವಿಯವರು ಮತ್ತೆ ಸೊಪ್ಪಿಗೆ ಕೈಹಾಕಿದರು.

ಶನಿವಾರ ಬೆಳಿಗ್ಗೆ ಪಂಚಾಕ್ಷರಯ್ಯನವರು ಹೊಸ ಪ್ಲಗ್ಗು, ಹೊಸ ಸೆನ್ಸರ್ ಎದುರಿಗಿಟ್ಟುಕೊಂಡು, ಹಳೆಯ ಪಂಚೆಯುಟ್ಟು ಬಾನೆಟ್ಟು ತೆರೆದರು. ಪ್ಲಗ್ಗು ನಾಲ್ಕು, ಒಂದೊಂದರ ನೆತ್ತಿಗೂ ಒಂದೊಂದು ದಪ್ಪ ವೈರು. ಮುನಿರಾಜಪ್ಪನವರು ಕಾಂಪೌಂಡಿನ ಆಚೆಯಿಂದ, “ಒಂದು ಬಿಚ್ಚಿ, ಪ್ಲಗ್ ಹಾಕಿ, ಅದನ್ನ ಮುಚ್ಚಿ. ಆಮೇಲೆ ಇನ್ನೊಂದಕ್ಕೆ ಹೋಗಿ ಸಾರ್. ನಾಲ್ಕೂ ಒಟ್ಟಿಗೆ ಕೀಳಬ್ಯಾಡಿ” ಎಂದರು. ಆದರೆ ಕಪಾಟಿನ ಕಡತಗಳನ್ನೆಲ್ಲ ಮೊದಲು ಹೊರಗೆ ತೆಗೆದು, ನಂಬರು ಹಾಕಿ, ಅನಂತರ ಜೋಡಿಸುವುದು ದಾಖಲೆ ವಿಭಾಗದ ಪದ್ಧತಿ. ಅವರು ನಾಲ್ಕು ವೈರನ್ನೂ ಒಟ್ಟಿಗೆ ಕಿತ್ತರು.

ನಂಬರು ಹಾಕಬೇಕಲ್ಲ! ಕಪ್ಪು ವೈರಿನ ಮೇಲೆ ಪೆನ್ನು ಮೂಡದು, ಅಂಟುಪಟ್ಟಿ ಮನೆಯಲ್ಲಿಲ್ಲ. ಅವರಿಗೊಂದು ದಿವ್ಯವಾದ ಉಪಾಯ ಹೊಳೆಯಿತು. ದೇವರ ಕೋಣೆಯಿಂದ ವಿಭೂತಿಯ ಗಟ್ಟಿಯನ್ನು ತಂದು, ಬೆರಳಿಗೆ ನೀರು ಮಾಡಿಕೊಂಡು, ಮೊದಲನೆಯ ವೈರಿಗೆ ಒಂದು ಎಳೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ನಾಲ್ಕು ಎಳೆ ಬಳಿದರು. ಯಾವ ವಿಡಿಯೋದಲ್ಲಿಯೂ ಇಲ್ಲದ ಈ ಸಂಶೋಧನೆಗೆ ತಾವೇ ಬೆರಗಾದರು.

ಪ್ಲಗ್ಗುಗಳು ಸಲೀಸಾಗಿ ಕೂತವು. ಸೆನ್ಸರ್ ಮಾತ್ರ ಕೆಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. (ನಾನು ಹಾಲು ಹುಡುಕುತ್ತ ಬಂದದ್ದು ಈ ಘಟ್ಟದಲ್ಲಿ.) ಪಾನಾ ಜಾರಿತು, ಗೆಣ್ಣು ತರಚಿತು. ಅದಕ್ಕೆಂದೇ ಪಕ್ಕ ಸೀಳಿದ ಪಾನಾ ಒಂದಿದೆಯೆಂಬುದು ಅವರ ನೆನಪಿಗೆ ಬಂದು, ಅಂಗಿ ತೊಟ್ಟು ಶಿವಾಜಿನಗರದ ಬಸ್ಸು ಹತ್ತಿದರು.

ಅವರು ಅತ್ತ ಹೋದ ಮೇಲೆ ಗುರುದೇವಿಯವರು ಹೊರಗೆ ಬಂದರು. ಅವರ ತವರಿನಲ್ಲಿ ಒಂದು ನೇಮವಿತ್ತು: ಹೊಲಿಗೆ ಯಂತ್ರವಾಗಲಿ, ಗಿರಣಿಯ ಮೋಟಾರಾಗಲಿ, ಬಿಚ್ಚಿದ ಮೇಲೆ ಪೂಜೆ ಮಾಡದೆ ಮುಚ್ಚುವಂತಿಲ್ಲ. ಪಣ ಪಣವೇ, ಪೂಜೆ ಪೂಜೆಯೇ. ಒದ್ದೆಬಟ್ಟೆ, ವಿಭೂತಿ, ಕುಂಕುಮ, ನಾಲ್ಕು ಸೇವಂತಿಗೆ ಹೂವು ತಂದು, ಕಾರಿನ ಹೊಟ್ಟೆಯನ್ನು ಒಪ್ಪವಾಗಿ ಒರೆಸಿ ಪೂಜೆ ಮುಗಿಸಿದರು.

ಮಧ್ಯಾಹ್ನ ಪಂಚಾಕ್ಷರಯ್ಯನವರು ಹಿಂದಿರುಗಿದಾಗ, ನಾಲ್ಕು ವೈರುಗಳೂ ಮೂರು ಮೂರು ಎಳೆ ವಿಭೂತಿ ಧರಿಸಿ, ನಡುವೆ ಕುಂಕುಮವಿಟ್ಟು, ನೆತ್ತಿಗೆ ಹೂ ಮುಡಿದು, ದೀಕ್ಷೆ ಪಡೆದ ನಾಲ್ವರು ಮರಿಸ್ವಾಮಿಗಳಂತೆ ಸಾಲಾಗಿ ಮಲಗಿದ್ದವು.

“ಗುರುದೇವೀ! ಯಾರು ಮಾಡಿದ್ದು ಇದನ್ನ?”

“ನಾನೇ. ಲಕ್ಷಣವಾಗಿ ಕಾಣಲ್ವಾ?”

“ನಾನು ಹಾಕಿದ್ದ ಗುರುತು ಎಲ್ಲಿ?”

“ಯಾವ ಗುರುತು? ಒಂದಕ್ಕೆ ಒಂದೇ ಎಳೆ, ಇನ್ನೊಂದಕ್ಕೆ ನಾಲ್ಕು!” ಗುರುದೇವಿಯವರಿಗೆ ಸಿಟ್ಟಾಗಲಿ ಕನಿಕರವಾಗಲಿ ಬಂದರೆ ನಾಲಗೆ ತಾನಾಗಿ ಹಾವೇರಿಗೆ ಹೋಗುತ್ತದೆ. “ಕೈಯಾಗ ಮೂರು ಬೆರಳಿದ್ದ ಮನಷ್ಯಾ ಒಂದೆಳಿ ವಿಭೂತಿ ಹಚ್ಚತಾನೇನ್ರಿ? ನೋಡಿದವರು ಏನಂದಾರು? ಎಲ್ಲಾ ವರಸಿ, ನೆಟ್ಟಗ ಹಚ್ಚೇನಿ.”

“ಅದು ನಂಬರು ಕಣೇ! ನಂಬರು!”

“ವಿಭೂತಿಗೆ ನಂಬರ್ ಕೊಟ್ಟವರನ್ನ ನಾ ಇವತ್ತ ನೋಡಿದ್ದು!”

ಯಾವ ವೈರು ಯಾವ ಪ್ಲಗ್ಗಿನದೆಂದು ತಮಗೆ ತಿಳಿಯದೆಂದು ಒಪ್ಪಿಕೊಂಡರೆ ಕೀ ಹೋದಂತೆಯೇ. ಪಂಚಾಕ್ಷರಯ್ಯನವರು “ಇರಲಿ, ನೆನಪಿದೆ” ಎಂದು ಗಂಭೀರವಾಗಿ ಹೇಳಿ, ಮನಸ್ಸಿಗೆ ಬಂದಂತೆ ಜೋಡಿಸಿದರು. ಒಂದು ವೈರು ಪ್ಲಗ್ಗಿಗೆ ಎಟುಕದೆ ಎಳೆದೆಳೆದು ಸಿಕ್ಕಿಸಬೇಕಾಯಿತು; ಇನ್ನೊಂದು ಉದ್ದವಾಗಿ ಹಾವಿನಂತೆ ಸುತ್ತಿಕೊಂಡಿತು. “ಕಂಪನಿಯವರಿಗೆ ಅಳತೆಯೇ ಗೊತ್ತಿಲ್ಲ” ಎಂದುಕೊಂಡರು.

ಕೀ ತಿರುಗಿಸಿದರು. ಕಾರು ಮೈಮೇಲೆ ದೇವರು ಬಂದಂತೆ ನಡುಗಿತು. ಅನಂತರ ಹಿಂದಿನ ಕೊಳವೆಯಿಂದ ‘ಢಂ’ ಎಂದಿತು. ಓಣಿಯ ನಾಯಿಗಳೆಲ್ಲ ಹಲಸೂರು ಕೆರೆಯ ದಿಕ್ಕು ಹಿಡಿದವು. ಮೂರನೆಯ ಮನೆಯ ಬೈಲಪ್ಪನವರು ಮದುವೆ ದಿಬ್ಬಣವೆಂದು ಬಾಗಿಲಿಗೆ ಬಂದು ನಿಂತರು. ಇಷ್ಟು ದಿನ ಸುಮ್ಮನೆ ಉರಿಯುತ್ತಿದ್ದ ಹಳದಿ ದೀಪ ಈಗ ಕಣ್ಣು ಮಿಟುಕಿಸತೊಡಗಿತು.

“ನೋಡಿದ್ಯಾ, ಸ್ವಲ್ಪ ಸುಧಾರಿಸ್ತಿದೆ!” ಎಂದರು ಪಂಚಾಕ್ಷರಯ್ಯನವರು.

“ಸಾರ್, ಅದು ಮಿಟುಕಿದ್ರೆ ಇನ್ನೂ…” ಎಂದು ಮುನಿರಾಜಪ್ಪನವರು ಬಾಯಿ ತೆರೆದರು.

“ಅಣ್ಣಾ, ಸಾಕ್ಷಿ ಹೇಳೋರು ನಡುವೆ ಬಾಯಿ ಹಾಕಬಾರದು” ಎಂದರು ಗುರುದೇವಿಯವರು.

ಮುಂದಿನ ಮೂರು ಗಂಟೆಗಳಲ್ಲಿ ಪಂಚಾಕ್ಷರಯ್ಯನವರು ವೈರುಗಳನ್ನು ಹನ್ನೊಂದು ಬಗೆಯಲ್ಲಿ ಅದಲುಬದಲು ಮಾಡಿದರು. ಒಂದೊಂದನ್ನೂ ನೋಟುಬುಕ್ಕಿನಲ್ಲಿ ದಾಖಲಿಸಿದರು. ಹನ್ನೊಂದರ ಮುಂದೆಯೂ ‘ಢಂ’ ಎಂಬ ಒಂದೇ ಷರಾ. ಬೆವರಿಗೆ ಹಣೆಯ ವಿಭೂತಿಯೆಲ್ಲ ಕರಗಿ ಮೀಸೆಗೆ ಇಳಿದಿತ್ತು. ಅಷ್ಟರಲ್ಲಿ ಒಳಗಿನಿಂದ ಗಂಟೆಯ ಸದ್ದು ಕೇಳಿತು. ಗುರುದೇವಿಯವರು ದೀಪ ಹಚ್ಚಿ, ಆರತಿಯ ತಟ್ಟೆ ಹಿಡಿದು ಹೊಸಿಲಿಗೆ ಬಂದರು.

ಗಂಡನ ಮುಖ ನೋಡಿ ಅವರಿಗೆ ಕನಿಕರವಾಯಿತು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಸೆರಗು ಸಿಕ್ಕಿಸಿ, ಬಾನೆಟ್ಟಿನೊಳಗೆ ಬಗ್ಗಿದರು.

“ಸರೀರಿ ಅತ್ತಾಗ. ಲಂಗಕ್ಕ ಲಾಡಿ ಹಾಕಿದವರಿಗೆ ಇದೇನ್ ದೊಡ್ಡ ಮಾತು? ಯಾವುದಕ್ಕ ಎಷ್ಟು ಉದ್ದ ಬೇಕೋ ಅಷ್ಟ ಕತ್ತರಿಸಿರ್ತಾರ. ಗಿಡ್ಡಂದು ಹತ್ತಿರದ್ದಕ್ಕ, ಉದ್ದಂದು ದೂರದ್ದಕ್ಕ. ಎಳೀಬಾರದು, ಜೋತೂ ಬೀಳಬಾರದು.”

ನಾಲ್ಕು ವೈರುಗಳೂ ತಂತಮ್ಮ ಪ್ಲಗ್ಗಿನ ಮೇಲೆ ಟಕ್ ಟಕ್ ಎಂದು ಕೂತವು. ಕಾರು ತುಪ್ಪ ತಿಂದ ಬೆಕ್ಕಿನಂತೆ ಗುರುಗುಟ್ಟಿತು. ಹತ್ತು ನಿಮಿಷ ಹಾಗೆಯೇ ಓಡಿಸಿ ಆರಿಸಿದ ಮೇಲೆ ಗುರುದೇವಿಯವರೆಂದರು: “ಈಗ ಆ ಮೂಗು ಬಿಚ್ಚಿ ನೋಡ್ರಿ. ಬಿಗಿದ ಡಬ್ಬಿ ಮುಚ್ಚಳ ಬೆಚ್ಚಗಾದರ ಬರ್ತದ.” ಕೈಗೆ ಬಟ್ಟೆ ಸುತ್ತಿಕೊಂಡು ಹೊಸ ಪಾನಾ ಹಾಕಿದರೆ, ಬೆಳಗಿನಿಂದ ಹಟ ಹಿಡಿದಿದ್ದ ಸೆನ್ಸರ್ ಬೆಣ್ಣೆಯಂತೆ ತಿರುಗಿ ಬಂದಿತು. ಅದರ ಜಾಗದಲ್ಲಿ ಹೊಸದನ್ನು ಪಂಚಾಕ್ಷರಯ್ಯನವರೇ ಬಿಗಿದರು.

ಪಂಚಾಕ್ಷರಯ್ಯನವರು ಕಡೆಯ ಅಸ್ತ್ರವನ್ನು ಪ್ರಯೋಗಿಸಿದರು. “ಏನೇ ಆಗಲಿ, ಶನಿವಾರ ಸಂಜೆಯೊಳಗೆ ಗಾಡಿ ಸರಿಹೋಯ್ತಲ್ಲ! ಷರತ್ತು ಪೂರೈಸಿದ ಹಾಗೆ.”

ಎಲ್ಲರೂ ಕಾಂಪೌಂಡಿನ ಕಡೆ ನೋಡಿದರು. ಮುನಿರಾಜಪ್ಪನವರು ಮಧ್ಯಾಹ್ನದಿಂದ ನುಂಗಿಕೊಂಡಿದ್ದ ಮಾತನ್ನೆಲ್ಲ ಒಮ್ಮೆಗೇ ಹೊರಹಾಕಿದರು. “‘ನಾನು ಸರಿಮಾಡದೆ ಇದ್ರೆ’ ಅಂತ ನೀವೇ ಅಂದಿದ್ದು ಸಾರ್. ಮಾಡಿದ್ದು ಅಕ್ಕೋರು. ಅದೂ ದೀಪ ಹಚ್ಚಿದ ಮೇಲೆ. ಕೊಟ್ಬಿಡಿ ಸಾರ್ ಕೀ, ಮರ್ಯಾದೆ ಉಳ್ಕೊಳ್ತದೆ.”

ಮರುದಿನ ದಂಡು ರೈಲ್ವೆ ಸ್ಟೇಷನ್ನಿಗೆ ಹೋಗಿ ಮಾನಮ್ಮನವರನ್ನು ಕರೆತಂದದ್ದೂ, ಅಲ್ಲಿಂದ ಕೆ.ಆರ್. ಪುರಕ್ಕೆ ಹೊರಟದ್ದೂ ಗುರುದೇವಿಯವರೇ. ಮೊಣಕಾಲಿನ ಮಾನಮ್ಮನವರಿಗೆ ಮುಂದಿನ ಸೀಟು. ಪಂಚಾಕ್ಷರಯ್ಯನವರು ಹಿಂದೆ, ತೊಡೆಯ ಮೇಲೆ ಕಡುಬಿನ ಡಬ್ಬಿ ಹಿಡಿದು, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ ಕುಳಿತಿದ್ದರು. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನ ಜಂಗುಳಿಯಲ್ಲಿ ಹಳದಿ ದೀಪ ತಟ್ಟನೆ ಆರಿತು.

“ಆರಿತು! ನೋಡಿದ್ರಾ, ನನ್ನ ಸೆನ್ಸರು!” ಎಂದು ಅವರು ಕೂಗಿದರು.

“ಸುಮ್ನ ಕುಂದರ್ರಿ” ಎಂದರು ಮಾನಮ್ಮನವರು. “ಆಕಿ ಗಾಡಿ ನಡಸಾಕತ್ತಾಳ.”

ಇದಾಗಿ ಎರಡು ವರ್ಷವಾಯಿತು. ಕೀ ಈಗ ಗುರುದೇವಿಯವರ ಸೊಂಟದಲ್ಲಿ ಬೀರುವಿನ ಬೀಗದ ಕೈಗಳ ಜೊತೆಯಲ್ಲಿದೆ. ಓಣಿಯ ಸ್ಕೂಟರುಗಳಿಗೆ ಕೆಮ್ಮು ಬಂದರೂ ಜನ ಅವರನ್ನೇ ಕೂಗುತ್ತಾರೆ. ಮೊನ್ನೆ ಸಂಜೆ ನಾನು ವಾಕಿಂಗ್ ಮುಗಿಸಿ ಬರುವಾಗ, ಅದೇ ಬೂದುಬಣ್ಣದ ಕಾರಿನ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಎರಡನೆಯ ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರಗಳಿದ್ದವು. ಪಕ್ಕದಲ್ಲಿ ಪಂಚಾಕ್ಷರಯ್ಯನವರು ಕುಕ್ಕರುಗಾಲಿನಲ್ಲಿ ಕುಳಿತು ಟಾರ್ಚು ಹಿಡಿದಿದ್ದರು.

“ಬೆಳಕು ಈ ಕಡೆ ರೀ. ಆಕಾಶಕ್ಕಲ್ಲ” ಎಂದವು ಪಾದಗಳು.

ಪಂಚಾಕ್ಷರಯ್ಯನವರು ನನ್ನನ್ನು ಕಂಡು ಟಾರ್ಚನ್ನು ನನ್ನ ಕೈಗೆ ತುರುಕಿ ಎದ್ದರು. “ಮೇಷ್ಟ್ರೇ, ಒಂದು ನಿಮಿಷ ಹಿಡ್ಕೊಳ್ಳಿ. ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ, ಉಕ್ಕಿಬಿಟ್ರೆ ಇವಳು ಸುಮ್ನೆ ಬಿಡಲ್ಲ” ಎಂದು ಪಿಸುಗುಟ್ಟಿ, ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಮನೆಗೆ ಓಡಿದರು.