ಮನೆಗಾಡಿಯ ಹೀಟರಿಗೆ ನನ್ನ ಮೀಸೆ ಪಣ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಹೀಟರಿನದಲ್ಲ. ಹೀಟರ್ ತನ್ನ ಕರ್ತವ್ಯವನ್ನು ಅಚ್ಚುಕಟ್ಟಾಗಿ ಮಾಡಿತು. ನೀರು ಕಾಯಿಸು ಅಂದೆ, ಕಾಯಿಸಿತು. ಈ ಸರಳ ಸತ್ಯವನ್ನು ನಮ್ಮ ನೆಂಟರಲ್ಲಿ ಯಾರೂ ಒಪ್ಪುತ್ತಿಲ್ಲವಾದ್ದರಿಂದ ನಿಮ್ಮ ಮುಂದೆ ಮೇಲ್ಮನವಿ ಸಲ್ಲಿಸುತ್ತಿದ್ದೇನೆ.

ಗೌರಿಬಿದನೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಆ ವಿದ್ಯೆಯನ್ನು ನಾನು ಯಾರ ಹತ್ತಿರವೂ ಕಲಿತದ್ದಲ್ಲ, ವಿಡಿಯೋ ನೋಡಿ ಕಲಿತದ್ದು. ಅದೇ ಧೈರ್ಯದಲ್ಲಿ ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡೆ. ಸೀಟುಗಳನ್ನು ಕಿತ್ತು ಮಂಚ, ಅಡುಗೆ ಕಟ್ಟೆ, ಸಿಂಕು, ಹೊರಗೆ ನಿಂತು ಸ್ನಾನ ಮಾಡಲು ಉದ್ದ ಪೈಪಿನ ಶವರು, ಎಲ್ಲವನ್ನೂ ಕೈಯಾರೆ ಜೋಡಿಸಿ ಮನೆಗಾಡಿ ಮಾಡಿದೆ. ಅದರ ಕಿರೀಟ ಅಂದರೆ ವಾಟರ್ ಹೀಟರ್. ಬ್ಯಾಟರಿಯಿಂದ ಅದಕ್ಕೆ ಕರೆಂಟು, ಎಂಜಿನ್ ಓಡಿದರೆ ಬ್ಯಾಟರಿಗೆ ಚಾರ್ಜು. ವಿಡಿಯೋದವರೆಲ್ಲ ಎಂಜಿನ್‌ಗೆ ಒಂದು ಬ್ಯಾಟರಿ, ಮನೆ ಸಾಮಾನಿಗೆ ಇನ್ನೊಂದು ಬ್ಯಾಟರಿ ಅಂತ ಬೇರೆ ಬೇರೆ ಇಡುತ್ತಾರೆ. ನಾನು ಎರಡನ್ನೂ ಸೇರಿಸಿಬಿಟ್ಟೆ. ಒಟ್ಟು ಕುಟುಂಬದಲ್ಲಿ ಬಲ ಜಾಸ್ತಿ ಅನ್ನುವುದು ನನ್ನ ಸಿದ್ಧಾಂತ.

"ಅವರೆಲ್ಲ ಯಾಕೆ ಬೇರೆ ಇಡ್ತಾರೆ?" ಅಂತ ನನ್ನ ಹೆಂಡತಿ ಲತಾ ಕೇಳಿದಳು.

"ಅವರಿಗೆ ಧೈರ್ಯ ಸಾಲದು," ಅಂದೆ.

ಅಷ್ಟರಲ್ಲಿ ನನ್ನ ಅಕ್ಕನ ಮಗಳು ಚಿನ್ನುವಿನ ಮುಡಿ ಕೊಡುವ ದಿನ ಬಂತು. ಅಕ್ಕನನ್ನು ಕೊಟ್ಟಿರುವುದು ದಿಬ್ಬೂರಹಳ್ಳಿಗೆ. ಭಾವನ ಮನೆಯವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ. ಅವರ ಮನೆದೇವರ ಗುಡಿ ಇರುವುದು ಚಿಂತಾಮಣಿ ದಾಟಿ, ಅಂಬಾಜಿದುರ್ಗದ ಕಡೆ, ಒಂದು ಗುಡ್ಡದ ಬುಡದಲ್ಲಿ. ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಕೂದಲು ತೆಗೆಸಬೇಕು. ತೆಗೆದ ತಕ್ಷಣ ಅಲ್ಲೇ ಸ್ನಾನ. ಬೋಳು ತಲೆಗೆ ಗಂಧ ಹಚ್ಚಿಕೊಂಡು ಆಮೇಲೆ ಗುಡಿಯೊಳಗೆ ಕಾಲಿಡಬೇಕು. ಸ್ನಾನವಾಗದೆ ಹೊಸ್ತಿಲು ದಾಟುವ ಹಾಗಿಲ್ಲ. ಮಾಘದ ಚಳಿ ಬೇರೆ. ಮಗು ಆಗತಾನೇ ನೆಗಡಿ, ಕೆಮ್ಮು ಮುಗಿಸಿ ಎದ್ದಿತ್ತು. ತಣ್ಣೀರು ಸೋಕಿಸಲೇಬೇಡಿ ಅಂತ ಡಾಕ್ಟರು ಹೇಳಿದ್ದರು. ಅಂದರೆ ಇಡೀ ಕಾರ್ಯ ನಿಂತಿದ್ದು ಬಿಸಿನೀರಿನ ಮೇಲೆ. ಬಿಸಿನೀರು ನಿಂತಿದ್ದು ನನ್ನ ಮೇಲೆ!

ಬೆಳಗ್ಗೆ ಗೌರಿಬಿದನೂರು ಬಿಡುವಾಗಲೇ ಹೀಟರ್ ಹಾಕಿದೆ. ಚಿಕ್ಕಬಳ್ಳಾಪುರ ಬರುವಷ್ಟರಲ್ಲಿ ನೀರು ಕಾದು ಹೀಟರಿನ ಕೆಂಪು ದೀಪ ಆರಿತು, ನಾನೂ ಸ್ವಿಚ್ಚು ಆರಿಸಿದೆ. ಇಷ್ಟು ಬೇಗ ಯಾಕೆ ಹಾಕಿದಿರಿ ಅಂತ ಲತಾ ಕೇಳಿದ್ದನ್ನು ನಾನು ಹೊಗಳಿಕೆ ಅಂತ ತಿಳಿದೆ. ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿಯಲ್ಲಿ ಗಾಡಿ ನಿಲ್ಲಿಸಿದಾಗ ಭಾವ ಒಂದು ತಾಮ್ರದ ಹಂಡೆ ಮತ್ತು ಒಂದು ಕಟ್ಟು ಸೌದೆಯನ್ನು ತಂದು ಒಳಗಿಡುತ್ತಿದ್ದರು. ನನಗೆ ಮೈ ಉರಿಯಿತು. ಹಂಡೆ, ಸೌದೆ ಎರಡನ್ನೂ ಎತ್ತಿ ಜಗುಲಿಯ ಮೇಲೆ ವಾಪಸ್ ಇಟ್ಟೆ.

"ಇರಲಿ ಕಣಯ್ಯ ಮಂಜು, ಒಂದು ಮೂಲೇಲಿ ಬಿದ್ದಿರುತ್ತೆ," ಅಂದರು ಭಾವ.

"ಭಾವ, ಗಾಡಿಯಿಂದ ಚಿನ್ನೂಗೆ ಬಿಸಿನೀರು ಬರಲಿಲ್ಲ ಅಂದ್ರೆ ಗುಡಿ ಮುಂದೆನೇ ಮೀಸೆ ಬೋಳಿಸ್ಕೋತೀನಿ."

ಈ ಮಾತು ಆಡುವಾಗ ಒಂದು ವಿಷಯ ನನಗೆ ಹೊಳೆಯಲಿಲ್ಲ. ನಾವು ಹೊರಟಿದ್ದೇ ಕ್ಷೌರಿಕರ ಹತ್ತಿರಕ್ಕೆ.

ಬೀದಿಯವರು ಸೇರಿದರು. ಸೇರಿದವರಿಗೆ ತೋರಿಸದೇ ಇರಲು ಆಗುತ್ತದೆಯೆ? ನಲ್ಲಿ ತಿರುಗಿಸಿ ಎಲ್ಲರಿಗೂ ಕೈ ತೊಳೆಯಲು ಹೇಳಿದೆ. ಒಬ್ಬರು ಮುಖ ತೊಳೆದರು. ಒಬ್ಬರು ಕಾಲು ತೊಳೆದರು. ಪಕ್ಕದ ಮನೆಯಾಕೆ ಹಾಲಿನ ಕ್ಯಾನ್ ತಂದು ತೊಳೆದು, ತುಂಬಾ ಅನುಕೂಲ ಆಯಿತಪ್ಪ ಅಂದರು. ನಾನು ಎದೆಯುಬ್ಬಿಸಿ ನಿಂತಿದ್ದೆ. ನಲ್ಲಿ ಬುಸ್ ಅಂತ ಗಾಳಿ ಬಿಟ್ಟಾಗ ಎದೆ ಕೆಳಗಿಳಿಯಿತು. ಬಿಸಿನೀರೂ ಇಲ್ಲ, ಟ್ಯಾಂಕಿನಲ್ಲಿ ತಣ್ಣೀರೂ ಇಲ್ಲ.

ಭಾವನ ಬೋರ್‌ವೆಲ್ಲಿನಿಂದ ಟ್ಯಾಂಕು ತುಂಬಿಸಿಕೊಂಡು ಹೊರಟೆವು. ಹೀಟರನ್ನು ಮತ್ತೆ ಹಾಕಿದೆ. ಆಗ ನಾನು ಕಲಿತ ಪಾಠ ಇದು: ಬೇಗ ಹಾಕಬಾರದು, ಹಾಕಿದ ಮೇಲೆ ಸ್ನಾನ ಮುಗಿಯುವತನಕ ಆರಿಸಬಾರದು. ಪಾಠ ಗಟ್ಟಿಯಾಗಿ ಮನಸ್ಸಿಗೆ ಇಳಿಯಿತು. ಅದೇ ತೊಂದರೆಯಾದದ್ದು.

ಚಿಂತಾಮಣಿಗೆ ಬಂದರೂ ಕೆಂಪು ದೀಪ ಆರಿರಲಿಲ್ಲ. ನೀರು ಕಾಯಲು ಗಾಡಿ ಓಡುತ್ತಿರಬೇಕು. ಹಾಗಾಗಿ ಟೊಮ್ಯಾಟೊ ಕ್ರೇಟು ಹೇರಿದ ಲಾರಿಗಳ ಹಿಂದೆ ಸುಮ್ಮನೆ ಊರು ಸುತ್ತತೊಡಗಿದೆ. ಅದೇ ಸರ್ಕಲ್ಲು, ಅದೇ ಬೇಕರಿ, ಅದೇ ಟ್ರಾಫಿಕ್ ಪೊಲೀಸು. ಆಮೇಲಾಮೇಲೆ ಅವರು ನನಗೆ ನಮಸ್ಕಾರ ಮಾಡತೊಡಗಿದರು.

"ದಾರಿ ಗೊತ್ತಿಲ್ಲ ಅಂದ್ರೆ ಹೇಳಪ್ಪ, ನಾಚಿಕೆ ಯಾಕೆ?" ಅಂದರು ಹಿಂದಿನಿಂದ ಗೌರಮ್ಮತ್ತೆ. ಅವರು ಅಕ್ಕನ ಅತ್ತೆ, ಭಾವನ ತಾಯಿ.

ಗುಡಿ ಮುಟ್ಟುವಷ್ಟರಲ್ಲಿ ದೀಪ ಆರಿತು. ನಲ್ಲಿ ಬಿಟ್ಟು ನೋಡಿದೆ. ಹಬೆಯಾಡುವ ನೀರು! ಭಾವನ ಕಡೆ ತಿರುಗಿ ಮೀಸೆ ಸವರಿಕೊಂಡೆ. ಆ ಕ್ಷಣಕ್ಕೆ ಈ ಬರಹ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಕ್ಷೌರಿಕರು ಬಂದಿರಲಿಲ್ಲ. ಆಂಧ್ರ ಗಡಿಯ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದಾರೆ ಅಂದರು ಪೂಜಾರಿ. ಕಾಯುತ್ತಾ ಕೂತೆವು. ಸುಮ್ಮನೆ ಕೂರುವ ಜನವೆ ನಮ್ಮವರು? ಗೌರಮ್ಮತ್ತೆ ಗಾಡಿಯ ಮಿಕ್ಸಿಯಲ್ಲಿ ಇಡ್ಲಿಗೆ ಚಟ್ನಿ ರುಬ್ಬಿದರು. ಉಳಿದವರು ಫೋನುಗಳನ್ನು ಚಾರ್ಜಿಗೆ ಹಾಕಿದರು. ಮಗುವಿಗೆ ನೊಣ ಕೂರದಿರಲಿ ಅಂತ ಅಕ್ಕ ಫ್ಯಾನು ಹಾಕಿದಳು. ಎಂಜಿನ್ ಆಫ್ ಆಗಿತ್ತು. ಹೀಟರಿನ ಸ್ವಿಚ್ಚು ಮಾತ್ರ ಹಾಕಿಯೇ ಇತ್ತು, ನೀರು ಚೂರು ಆರಿದರೂ ಮತ್ತೆ ಕಾಯಿಸುತ್ತಿತ್ತು.

"ನೀರು ಕಾದಾಗಿದೆಯಲ್ಲ, ಆರಿಸಿಬಿಡಿ ಅದನ್ನ," ಅಂದಳು ಲತಾ.

"ಆರಿಸಿದ್ರೆ ತಣ್ಣಗಾಗುತ್ತೆ. ಇದೆಲ್ಲ ಟೆಕ್ನಿಕಲ್ಲು, ನಿಂಗೆ ಗೊತ್ತಾಗಲ್ಲ."

ಕ್ಷೌರಿಕರು ಬಂದರು. ಹೊಸ ಪಂಚೆ ಉಟ್ಟು, ಚಿನ್ನುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳು ಗುಡ್ಡ ಬಿರಿಯುವಂತೆ ಅಳುತ್ತಿದ್ದರೂ ಕೂದಲೆಲ್ಲ ಹೋಯಿತು. ಪೂಜಾರಿ ಬಾಗಿಲಲ್ಲಿ ನಿಂತು, ರಾಹುಕಾಲ ಹತ್ತಿರ ಬಂತು, ಬೇಗ ಸ್ನಾನ ಮಾಡಿಸಿ ಅಂತ ಅವಸರ ಮಾಡಿದರು. ಅಕ್ಕ ಬೆತ್ತಲೆ ಮಗುವನ್ನು ಟವೆಲಿನಲ್ಲಿ ಸುತ್ತಿ ಓಡಿಬಂದಳು. ನಾನು ಗಂಭೀರವಾಗಿ ಶವರ್ ಹಿಡಿದು ತಿರುಗಿಸಿದೆ.

ಒಂದು ಹನಿ ಬಿತ್ತು. ಅಷ್ಟೇ.

ಬ್ಯಾಟರಿ ಖಾಲಿ. ನೀರನ್ನು ಮೇಲೆ ತಳ್ಳುವ ಪಂಪಿಗೂ ಅದೇ ಬ್ಯಾಟರಿ. ಗಾಡಿ ಸ್ಟಾರ್ಟ್ ಮಾಡೋಣ ಅಂದರೆ ಎಂಜಿನ್‌ಗೂ ಅದೇ ಬ್ಯಾಟರಿ. ಒಟ್ಟು ಕುಟುಂಬ ಒಟ್ಟಿಗೇ ಮಲಗಿತ್ತು. ಹೀಟರಿನ ಹೊಟ್ಟೆಯಲ್ಲಿ ಮಾತ್ರ ಕುದಿಯುವ ನೀರು, ಮುಟ್ಟಿದರೆ ಕೈ ಸುಡುವಷ್ಟು.

"ಒಲೆ ಆರಿಸಿದ ಮೇಲೂ ಹಂಡೆ ನೀರು ಬಿಸಿಯಾಗೇ ಇರಲ್ವೇನಪ್ಪ? ಇದೂ ಹಂಗೇ ಅಲ್ವಾ?" ಅಂದರು ಗೌರಮ್ಮತ್ತೆ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ.

ನಾನು ಗಾಡಿಯ ಕೆಳಗೆ ನುಗ್ಗಿದೆ. ಹೀಟರ್ ಖಾಲಿ ಮಾಡಲು ತಳದಲ್ಲಿ ಒಂದು ಪುಟ್ಟ ನಲ್ಲಿ ಇದೆ. ಅದಕ್ಕೆ ಪಂಪು ಬೇಡ. ಆದರೆ ಬಿಸಿನೀರು ಯಾರಿಗೂ ಸಿಡಿಯದಿರಲಿ ಅಂತ ಮಹಾ ಬುದ್ಧಿವಂತಿಕೆಯಿಂದ ಅದರ ಪೈಪನ್ನು ನೆಲದ ಹತ್ತಿರದವರೆಗೂ ಇಳಿಸಿ ಗಟ್ಟಿಯಾಗಿ ಅಂಟಿಸಿದವನೂ ನಾನೇ. ಅದರಡಿ ಬಕೆಟ್ಟು ಹೋಗಲಿಲ್ಲ. ಚೊಂಬು ಹೋಗಲಿಲ್ಲ. ಚಟ್ನಿ ಪಾತ್ರೆಯೂ ಹೋಗಲಿಲ್ಲ. ಭಾವ ಒಂದೊಂದಾಗಿ ತಂದುಕೊಡುತ್ತಿದ್ದರು.

ಕೊನೆಗೆ ಲತಾ ಪೂಜಾರಿಯನ್ನು ಕೇಳಿ ಮಂಗಳಾರತಿಯ ಹರಿವಾಣ ತಂದಳು. ಅದು ಹೋಯಿತು.

ನಾನು ಹೊಸ ಪಂಚೆಯಲ್ಲಿ, ಕೆಸರಿನಲ್ಲಿ, ಬೋರಲು ಮಲಗಿ ತಟ್ಟೆ ತಟ್ಟೆಯಾಗಿ ಬಿಸಿನೀರು ಹಿಡಿದು ಹೊರಗೆ ಜಾರಿಸಿದೆ. ಭಾವ ಅದನ್ನು ಬಕೆಟ್ಟಿಗೆ ಸುರಿದು ಗುಡಿಯ ತೊಟ್ಟಿಯ ತಣ್ಣೀರು ಬೆರೆಸಿದರು. ಅಕ್ಕ ಹದ ನೋಡಿ ಮಗುವಿನ ಮೈಮೇಲೆ ಹೊಯ್ದಳು. ಅಳುತ್ತಿದ್ದ ಚಿನ್ನು ಬೆಚ್ಚಗಿನ ನೀರು ಬಿದ್ದಾಗ ಸುಮ್ಮನಾದಳು. ಗಂಧ ಹಚ್ಚಿಸಿಕೊಂಡು, ರಾಹುಕಾಲಕ್ಕೆ ಮೊದಲೇ ಹೊಸ್ತಿಲು ದಾಟಿದಳು. ಅವಳಿಗೆ ಒಂದು ಸೀನೂ ಬರಲಿಲ್ಲ. ಇದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

ಪೂಜೆ ಮುಗಿಸಿ ಹೊರಗೆ ಬಂದಾಗ ಕ್ಷೌರಿಕರು ಇನ್ನೂ ಹೋಗಿರಲಿಲ್ಲ. ಭಾವ ತಡೆದು ನಿಲ್ಲಿಸಿದ್ದರು.

ನಾನು ಗಟ್ಟಿಯಾಗಿ ವಾದಿಸಿದೆ. ನೀರು ಬಿಸಿಯಿತ್ತೋ ಇಲ್ಲವೋ? ಗಾಡಿಯಿಂದಲೇ ಬಂತೋ ಇಲ್ಲವೋ? ಹಾಗಾದರೆ ನಾನು ಸೋತದ್ದೆಲ್ಲಿ? ಗುಡಿ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಇಡ್ಲಿ ತಿನ್ನುತ್ತಾ ಎಲ್ಲರೂ ಯೋಚಿಸಿದರು.

ಭಾವ ಕೈ ತೊಳೆದುಕೊಂಡು ತೀರ್ಪು ಕೊಟ್ಟರು. "ನೀರು ಕಾಯಿಸಿದ್ದು ಗಾಡಿ. ಹೊರಗೆ ತಂದಿದ್ದು ದೇವರ ತಟ್ಟೆ. ಅಲ್ಲಿಗೆ ನೀನು ಗೆದ್ದಿದ್ದು ಅರ್ಧ ಕಣಯ್ಯ."

ಲತಾ ತಕ್ಷಣ ಒಪ್ಪಿಕೊಂಡಳು. ನನ್ನ ಮಾತಿಗೆ ಅವಳು ಯಾವತ್ತೂ ಅಷ್ಟು ಬೇಗ ಒಪ್ಪಿದ್ದಿಲ್ಲ.

ಕ್ಷೌರಿಕರು ನನ್ನ ಗಲ್ಲ ಹಿಡಿದು, ಕತ್ತಿ ಒರೆಸಿ, ಎಡವೋ ಬಲವೋ ಅಂತ ತೆಲುಗಿನಲ್ಲಿ ವಿನಯವಾಗಿ ಕೇಳಿದರು. "ಎಡಮಾ, ಕುಡಿಯಾ ಸಾರ್?"

ಎಡಗಡೆ ಅಂದೆ. ಗಾಡಿ ಓಡಿಸುವಾಗ ಕಿಟಕಿಯಿಂದ ಜನಕ್ಕೆ ಕಾಣುವುದು ಬಲಗಡೆಯ ಮೀಸೆ.

ಬೇರೆ ವಾಹನದ ಬ್ಯಾಟರಿಗೆ ತಂತಿ ಕೊಟ್ಟು ಗಾಡಿ ಸ್ಟಾರ್ಟ್ ಮಾಡಿ ವಾಪಸ್ ಹೊರಟೆವು. ಈಗ ನನಗೆ ಖಚಿತವಾಗಿ ಗೊತ್ತಿದೆ: ಗಾಡಿ ಓಡುವಾಗ ಹೀಟರ್ ಹಾಕಬೇಕು, ನಿಲ್ಲಿಸಿದ ಕೂಡಲೇ ಆರಿಸಬೇಕು, ನೀರು ತಾನೇ ಬಿಸಿಯಾಗಿರುತ್ತದೆ. ಅಂಗಡಿಗೆ ಬರುವವರಿಗೆಲ್ಲ ಇದನ್ನು ಹೇಳುತ್ತಿದ್ದೇನೆ. ಬ್ಯಾಟರಿಗಳನ್ನು ಮಾತ್ರ ಬೇರೆ ಮಾಡಿಲ್ಲ, ಮಾಡುವುದೂ ಇಲ್ಲ. ನಾನು ಸೋತಿಲ್ಲ.

ಹಾಗಂತ ಅಂಗಡಿಯ ಕೌಂಟರಿನಲ್ಲಿ ಬಲಗೆನ್ನೆ ಮಾತ್ರ ಕಾಣುವಂತೆ ತಿರುಗಿ ಕೂತು ಹೇಳುತ್ತೇನೆ. ಎಡಗೆನ್ನೆ ಕಂಡರೆ ಗಿರಾಕಿಗಳು ನಗುತ್ತಾರೆ.